ಗೋಡೆಯ ಮೇಲಿನ ಜಿಂಕೆ ಯಾರನ್ನು ನೋಡುತ್ತಿದೆ?

ಪೊವೈ, ಐರೋಲಿ, ಮಲಾಡ್ ಕಡೆ ಆಫೀಸು, ಠಾಣೆಯಲ್ಲೋ ಬೋರಿವಲಿಯಲ್ಲೋ ಮನೆ, ಊರು ಮಾತ್ರ ಚಿಕ್ಕಮಗಳೂರು, ಶಿವಮೊಗ್ಗ, ಕೊಡಗು, ಉತ್ತರ ಕನ್ನಡ. ನಮ್ಮ ಚಾನೆಲ್ ನೋಡೋರಲ್ಲಿ ಇಂಥವರೇ ಜಾಸ್ತಿ ಅಂತ ನನಗೆ ಗೊತ್ತು. ಈ ಸಲದ ಮಾತು ನಿಮಗೆ ನೇರವಾಗಿ ತಟ್ಟೋ ವಿಷಯ. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಬರಹಕ್ಕಿಳಿಸಿದ್ದೇನೆ. ಅಲ್ಲಿ ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನೂ ಸೇರಿಸಿದ್ದೇನೆ.

ಮಲೆನಾಡಿನ ಹಳೇ ಮನೆಗಳ ಜಗಲಿಯಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ, ತೋಟದ ಬಂಗಲೆಗಳ ಮೆಟ್ಟಿಲ ಮೇಲೆ ಒಂದು ಜಿಂಕೆ ತಲೆ ಇರುತ್ತಲ್ಲ, ಅದರ ಬಗ್ಗೆ ಈ ಮಾತು. ಕುತ್ತಿಗೆ, ಭುಜ, ಸ್ವಲ್ಪ ಎದೆಯ ಭಾಗ, ಮೇಲೆ ಕೊಂಬು, ಹಿಂದೆ ಮರದ ಫಲಕ. ಟ್ಯಾಕ್ಸಿಡರ್ಮಿಯ ಭಾಷೆಯಲ್ಲಿ ಇದಕ್ಕೆ ಶೋಲ್ಡರ್ ಮೌಂಟ್ ಅಂತಾರೆ. ಚಿಕ್ಕವರಿದ್ದಾಗ ಅದರ ಕೆಳಗೆ ಓಡಾಡಿರ್ತೀರಿ, ಆಡುವಾಗ ಕೊಂಬಿಗೆ ಟವೆಲ್ ಎಸೆದಿರ್ತೀರಿ. ಅಜ್ಜ ಹೊಡೆದದ್ದು, ಮುತ್ತಜ್ಜ ಹೊಡೆದದ್ದು ಅಂತ ಒಂದು ಕತೆಯೂ ಕೇಳಿರ್ತೀರಿ. ಈಗ ಅಜ್ಜ ಇಲ್ಲ, ಮನೆ ಪಾಲಾಗ್ತಿದೆ, ಅಣ್ಣತಮ್ಮಂದಿರಲ್ಲಿ ಒಬ್ಬರು ಕೇಳ್ತಾರೆ: ಈ ಜಿಂಕೆ ತಲೆ ಯಾರಿಗೆ?

ಆ ಪ್ರಶ್ನೆಗೆ ಕಾನೂನಿನ ಉತ್ತರ ಒಂದಿದೆ, ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ. ಆ ಜಿಂಕೆ ಹಾಗೇ ಯಾಕೆ ನಿಂತಿದೆ? ತಲೆ ಎತ್ತಿ, ಕಿವಿ ಮುಂದೆ ಮಾಡಿ, ಒಂದು ಕಡೆ ತಿರುಗಿ? ಸತ್ತ ಪ್ರಾಣಿಗೆ ತಾನೇ ನಿಲ್ಲೋಕೆ ಆಗಲ್ಲ. ಆ ಭಂಗಿಯನ್ನು ಯಾರೋ ಆರಿಸಿದ್ದಾರೆ. ಯಾಕೆ ಆರಿಸಿದರು ಅನ್ನೋದರಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅದರ ಅರ್ಧ ಭಾಗ ನಾವು ದಿನಾ ಲೋಕಲ್ ಟ್ರೈನಿನಲ್ಲಿ ಹಾದುಹೋಗೋ ಮುಂಬೈನಲ್ಲೇ ಇದೆ, ಇನ್ನರ್ಧ ಮೈಸೂರಿನಲ್ಲಿ.

ಭಂಗಿ ಅಂದರೆ ಏನೇನು?

ಮೊದಲು ಕೆಲಸ ಹೇಗೆ ಅಂತ ನೋಡೋಣ. ನಾವು ‘ಸ್ಟಫ್ ಮಾಡಿದ ಪ್ರಾಣಿ’ ಅಂತೀವಿ. ತೊಗಲಿನೊಳಗೆ ಹುಲ್ಲು, ನಾರು ತುರುಕಿ ಹೊಲಿಯುತ್ತಿದ್ದ ಕಾಲದ ಮಾತು ಅದು. ಹಾಗೆ ಮಾಡಿದ ಪ್ರಾಣಿ ದಿಂಬಿನ ಥರ ಕಾಣುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಕಾರ್ಲ್ ಏಕ್ಲಿಯಂಥವರು ಈ ಕೆಲಸವನ್ನು ಶಿಲ್ಪಕಲೆಯ ಹತ್ತಿರ ತಂದರು. ಮೊದಲು ಪ್ರಾಣಿಯ ಮೈಯನ್ನು ಜೇಡಿಮಣ್ಣಿನಲ್ಲಿ ಸ್ನಾಯು ಸಮೇತ ತಿದ್ದಬೇಕು, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯಬೇಕು, ಅಚ್ಚಿನಲ್ಲಿ ಕಾಗದದ ಮುದ್ದೆಯಂಥ ಹಗುರ ವಸ್ತುವಿನಿಂದ ಟೊಳ್ಳು ಗೊಂಬೆ ಮಾಡಬೇಕು, ಆಮೇಲೆ ಹದ ಮಾಡಿದ ತೊಗಲನ್ನು ಅದರ ಮೇಲೆ ಅಂಟಿಸಬೇಕು. ಒಳಗೆ ಮಾಂಸ ಇಲ್ಲ, ಮೂಳೆಯೂ ಬಹುತೇಕ ಇಲ್ಲ. ಜಿಂಕೆಯಲ್ಲಿ ಕೊಂಬು ಮತ್ತು ಅದು ಕೂತಿರೋ ತಲೆಬುರುಡೆಯ ತುಂಡು ನಿಜ. ಕಣ್ಣು ಗಾಜು.

ಅಂದಮೇಲೆ ಭಂಗಿ ನಿರ್ಧಾರ ಆಗೋದು ಗೊಂಬೆಯಲ್ಲಿ, ತೊಗಲು ಹಾಕೋದಕ್ಕೆ ಮೊದಲೇ. ಆಮೇಲೆ ‘ಸ್ವಲ್ಪ ತಲೆ ತಗ್ಗಿಸಿ’ ಅಂದರೆ ಆಗಲ್ಲ.

ಕುತ್ತಿಗೆಯ ಎತ್ತರದ ಲೆಕ್ಕದಲ್ಲಿ ಇವತ್ತಿಗೂ ಮೂರು ಮುಖ್ಯ ಭಂಗಿ. ಒಂದು, ಅಪ್‌ರೈಟ್: ಕುತ್ತಿಗೆ ನೆಟ್ಟಗೆ, ತಲೆ ಎತ್ತರದಲ್ಲಿ. ಎರಡು, ಸ್ನೀಕ್: ತಲೆ ಬೆನ್ನಿನ ಮಟ್ಟಕ್ಕೋ ಅದಕ್ಕೂ ಕೆಳಗೋ ಇಳಿದು, ಮೂಗು ಮುಂದೆ ಚಾಚಿ, ಪೊದೆಯಡಿ ನುಸುಳುವ ಹಾಗೆ. ಮೂರು, ಎರಡರ ನಡುವಿನದು, ಸೆಮಿ ಸ್ನೀಕ್. ಇದರ ಮೇಲೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಅನ್ನೋದು. ಕೇಳೋಕೆ ಸಣ್ಣದು, ಆದರೆ ಗೋಡೆಯ ಮೇಲಿನ ತಲೆ ಕೋಣೆಯ ಒಳಕ್ಕೆ ನೋಡಬೇಕು, ಮೂಲೆಗೆ ಮುಖ ಮಾಡಿದರೆ ಮುನಿಸಿಕೊಂಡ ಹಾಗೆ ಕಾಣುತ್ತೆ. ಗುಂಡು ತಾಗಿದ ಗಾಯವೋ ಮುರಿದ ಕವಲೋ ಒಂದು ಕಡೆ ಇದ್ದರೆ ಅದನ್ನು ಗೋಡೆಯ ಕಡೆಗೆ ಮಾಡೋಕೂ ಈ ತಿರುವು ಬೇಕು. ಗೋಡೆ ಎಷ್ಟು ಎತ್ತರ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಎತ್ತರದ ಮೆಟ್ಟಿಲ ಗೋಡೆಯಲ್ಲಿ ಅಪ್‌ರೈಟ್ ಹಾಕಿದರೆ ಕೆಳಗಿನವರಿಗೆ ಗದ್ದ ಮಾತ್ರ ಕಾಣುತ್ತೆ. ಅಲ್ಲಿ ತಲೆ ತಗ್ಗಿಸಿದ್ದೇ ಸರಿ.

ಕಿವಿಯದು ಇನ್ನೊಂದು ಕತೆ. ಕಡವೆಯ ಕಿವಿ ಅಗಲ, ಚುಕ್ಕೆ ಜಿಂಕೆಯದು ಸಣ್ಣ. ಎರಡೂ ಕಿವಿ ಮುಂದಕ್ಕೆ ಬಂದಿದ್ದರೆ ಅದು ಏನನ್ನೋ ಕಂಡಿದೆ, ಕೇಳಿದೆ ಅಂತ. ಒಂದು ಮುಂದೆ, ಒಂದು ಹಿಂದೆ ತಿರುಗಿದ್ದರೆ ಮೇಯುತ್ತಾ ಸುತ್ತಲೂ ಕಿವಿಗೊಟ್ಟಿದೆ ಅಂತ. ಎರಡೂ ಹಿಂದಕ್ಕೆ ಮಲಗಿದ್ದರೆ ಸಿಟ್ಟು, ಇನ್ನೊಂದು ಗಂಡಿನ ಮೇಲೆ ಏರಿಹೋಗೋ ಹೊತ್ತು. ಬೆದೆಯ ಕಾಲದಲ್ಲಿ ಗಂಡಿನ ಕುತ್ತಿಗೆ ಊದುತ್ತೆ, ಕಣ್ಣಿನ ಕೆಳಗಿನ ಗ್ರಂಥಿ ಅರಳುತ್ತೆ, ಕಡವೆಗೆ ಗಂಟಲ ಮೇಲೆ ಕೂದಲು ಉದುರಿ ಹುಣ್ಣಿನಂಥ ಒಂದು ಮಚ್ಚೆ ಏಳುತ್ತೆ. ಆ ಮಚ್ಚೆ ತೋರಿಸಬೇಕೋ ಮುಚ್ಚಬೇಕೋ? ಅದೂ ಒಂದು ಆಯ್ಕೆ.

ಕಣ್ಣಿನಲ್ಲೂ ಒಂದು ಸೂಕ್ಷ್ಮ ಇದೆ. ಜಿಂಕೆಯ ಕಣ್ಣಿನ ಪಾಪೆ ನಮ್ಮ ಹಾಗೆ ಗುಂಡಗಿಲ್ಲ, ಅಡ್ಡಕ್ಕೆ ಉದ್ದ. ಕುತ್ತಿಗೆ ಎತ್ತಿರಲಿ ಇಳಿಸಿರಲಿ, ಆ ಅಡ್ಡಗೆರೆ ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಒಳ್ಳೇ ಕೆಲಸಗಾರ ಇದನ್ನು ಮರೆಯಲ್ಲ. ಹಳೇ ತಲೆಗಳಲ್ಲಿ ಕೆಲವು ನಮ್ಮನ್ನು ನೋಡ್ತಾ ಇದ್ದರೂ ಏನೋ ಸರಿಯಿಲ್ಲ ಅನಿಸೋದಕ್ಕೆ ಎಷ್ಟೋ ಸಲ ಈ ಗಾಜಿನ ಕಣ್ಣೇ ಕಾರಣ.

ಬೊಂಬಾಯಿ, 1883

ಈಗ ಇತಿಹಾಸಕ್ಕೆ ಬರೋಣ. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಬೈಕುಲ್ಲಾದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಸೇರಿದರು. ಇವತ್ತು ರಾಣಿ ಬಾಗ್ ಪಕ್ಕದಲ್ಲಿರೋ ಭಾವು ದಾಜಿ ಲಾಡ್ ಮ್ಯೂಸಿಯಂ ಅದೇ. ಪ್ರಾಣಿಗಳ ಬಗ್ಗೆ ತಾವು ನೋಡಿದ್ದನ್ನು ಹಂಚಿಕೊಳ್ಳೋದು, ಸಿಕ್ಕ ವಿಶೇಷ ಮಾದರಿಗಳನ್ನು ತೋರಿಸೋದು ಅವರ ಉದ್ದೇಶ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿ.ಎನ್.ಎಚ್.ಎಸ್., ಹುಟ್ಟಿದ್ದು ಹೀಗೆ. ವೈನ್ ವ್ಯಾಪಾರಿ ಎಚ್.ಎಂ. ಫಿಪ್ಸನ್ ಕೋಟೆ ಪ್ರದೇಶದ ಫೋರ್ಬ್ಸ್ ಸ್ಟ್ರೀಟಿನ ತನ್ನ ಜಾಗದಲ್ಲೇ ಸೊಸೈಟಿಗೆ ಕೋಣೆ ಕೊಟ್ಟ.

ನಮ್ಮ ಕಡೆಯ ನಂಟು ಇಲ್ಲೇ ಶುರು. ಆಗ ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದವು. 1894ರಲ್ಲಿ ಕಾರವಾರದಿಂದ ಒಂದು ದೊಡ್ಡ ಮಂಗಟ್ಟೆ ಮರಿ ಸೊಸೈಟಿಗೆ ಉಡುಗೊರೆಯಾಗಿ ಬಂತು. ಅದಕ್ಕೆ ವಿಲಿಯಂ ಅಂತ ಹೆಸರಿಟ್ಟರು. 1920ರವರೆಗೆ ಆ ಹಕ್ಕಿ ಸೊಸೈಟಿಯ ಕಚೇರಿಯಲ್ಲೇ ಬದುಕಿತ್ತು. ಇವತ್ತು ಸೊಸೈಟಿಯ ಲಾಂಛನ ಮಂಗಟ್ಟೆ, ಕಟ್ಟಡದ ಹೆಸರು ಹಾರ್ನ್‌ಬಿಲ್ ಹೌಸ್. ಸುತ್ತಲೂ ಸತ್ತ ಮಾದರಿಗಳು, ನಡುವೆ ನಮ್ಮ ಕಾರವಾರದ ಒಂದು ಜೀವಂತ ಹಕ್ಕಿ!

ಆ ಕಾಲದ ಸೊಸೈಟಿಯಲ್ಲಿ ನಿಸರ್ಗಪ್ರೇಮಿಗೂ ಶಿಕಾರಿಗೂ ನಡುವೆ ದೊಡ್ಡ ಗೋಡೆ ಇರಲಿಲ್ಲ. ಬೆಳಿಗ್ಗೆ ಬಂದೂಕು, ಸಂಜೆ ನೋಟ್‌ಬುಕ್. ಲಂಡನ್ನಿನ ರೋಲೆಂಡ್ ವಾರ್ಡ್ ಅನ್ನೋ ಟ್ಯಾಕ್ಸಿಡರ್ಮಿ ವ್ಯಾಪಾರಿ 1892ರಲ್ಲಿ ಕೊಂಬಿನ ಅಳತೆಗಳ ಒಂದು ಪುಸ್ತಕ ತಂದ. ಜಗತ್ತಿನಾದ್ಯಂತ ಯಾರು ಎಷ್ಟು ಉದ್ದದ ಕೊಂಬಿನ ಪ್ರಾಣಿ ಹೊಡೆದರು ಅನ್ನೋ ಪಟ್ಟಿ, ಒಂದು ಲೀಡರ್‌ಬೋರ್ಡ್ ಅನ್ನಿ. ಪಟ್ಟಿಯಲ್ಲಿ ಹೆಸರು ಬರಬೇಕು ಅಂದರೆ ಇಂಚು ಮುಖ್ಯ, ಇಂಚು ಕಣ್ಣಿಗೆ ಬೀಳಬೇಕು ಅಂದರೆ ತಲೆ ಎತ್ತರದಲ್ಲಿರಬೇಕು. ಗೋಡೆಯ ಜಿಂಕೆಗೆ ಅಪ್‌ರೈಟ್ ಭಂಗಿ ಅಷ್ಟು ಒಗ್ಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ನಜರ್‌ಬಾದಿನ ಅಚ್ಚುಗಳು

ಈಗ ಮೈಸೂರಿಗೆ. 1900ರ ಸುಮಾರಿಗೆ ಯುಜೀನ್ ವ್ಯಾನ್ ಇಂಗನ್ ಶುರುಮಾಡಿದ ವ್ಯಾನ್ ಇಂಗನ್ ಆಂಡ್ ವ್ಯಾನ್ ಇಂಗನ್ ಅನ್ನೋ ಸಂಸ್ಥೆ ಜಗತ್ತಿನ ಅತಿ ದೊಡ್ಡ ಟ್ಯಾಕ್ಸಿಡರ್ಮಿ ಸಂಸ್ಥೆಗಳಲ್ಲಿ ಒಂದಾಯಿತು. ಅದು ಇದ್ದದ್ದು ನಮ್ಮ ಮೈಸೂರಿನ ನಜರ್‌ಬಾದಿನಲ್ಲಿ! ಯುಜೀನ್ ನಂತರ ಮಕ್ಕಳು ನಡೆಸಿದರು. ಬೋಥಾ, ಡಿ ವೆಟ್, ಜುಬೇರ್ ಅಂತ ಬೋಯರ್ ಯುದ್ಧದ ದಳಪತಿಗಳ ಹೆಸರುಗಳನ್ನೇ ಮಕ್ಕಳಿಗೆ ಇಟ್ಟಿದ್ದರು. ಒಳ್ಳೇ ಕಾಲದಲ್ಲಿ ಸುಮಾರು 150 ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ಈ ಸಂಸ್ಥೆಯ ಬಗ್ಗೆ ಪುಸ್ತಕ ಬರೆದ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪ್ಯಾಟ್ ಮಾರಿಸ್ ಅವರ ಅಂದಾಜಿನಲ್ಲಿ, ಅಲ್ಲಿ ಹಾದುಹೋದ ಹುಲಿ ಮತ್ತು ಚಿರತೆಗಳ ಸಂಖ್ಯೆಯೇ 43,000ದ ಆಸುಪಾಸು. ಒಂದು ಕ್ಷಣ ನಿಲ್ಲಿ. 43,000. ಇವತ್ತು ಇಡೀ ದೇಶದಲ್ಲಿರೋ ಹುಲಿಗಳ ಹತ್ತು ಪಟ್ಟಿಗೂ ಹೆಚ್ಚು.

ಅಷ್ಟು ಕೆಲಸ ಹೇಗೆ ಸಾಧ್ಯ ಆಯಿತು? ಅಚ್ಚುಗಳಿಂದ. ಬೇರೆ ಬೇರೆ ಅಳತೆಯ ಅಚ್ಚುಗಳು ಸಿದ್ಧವಿರುತ್ತಿದ್ದವು. ದೇಶದ ನಾನಾ ಕಡೆಯಿಂದ ಉಪ್ಪು ಹಚ್ಚಿದ ತೊಗಲು ಬರುತ್ತಿತ್ತು. ಅಳತೆ ನೋಡಿ, ಹೊಂದುವ ಅಚ್ಚಿನಲ್ಲಿ ಕಾಗದದ ಗೊಂಬೆ ಎತ್ತಿ, ತೊಗಲು ಕೂರಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಟೆಂಪ್ಲೇಟ್. ಟೆಂಪ್ಲೇಟ್ ಇದ್ದಲ್ಲಿ ಏನಾಗುತ್ತೆ ನಿಮಗೇ ಗೊತ್ತು, ಡಿಫಾಲ್ಟ್ ಸೆಟ್ಟಿಂಗ್ ಗೆಲ್ಲುತ್ತೆ. ಹುಲಿಗೆ ಬಾಯ್ತೆರೆದು ಗರ್ಜಿಸೋ ಮುಖ. ಜಿಂಕೆಗೆ ಕತ್ತೆತ್ತಿ ಆಲಿಸೋ ಮುಖ.

ಇನ್ನೊಂದು ಮಿತಿ ಕಾಡಿನಲ್ಲೇ ತೀರ್ಮಾನ ಆಗಿಬಿಡುತ್ತಿತ್ತು. ಭುಜದವರೆಗಿನ ಮೌಂಟ್ ಬೇಕಾದರೆ ತೊಗಲನ್ನು ಭುಜದ ಹಿಂದೆ ಕೊಯ್ಯಬೇಕು. ಕ್ಯಾಂಪಿನಲ್ಲಿ ಅವಸರಕ್ಕೆ ಗಂಟಲ ಹತ್ತಿರವೇ ಕೊಯ್ದರೆ ಮುಗೀತು, ಗಿಡ್ಡ ಕುತ್ತಿಗೆಯ ತಲೆ ಮಾತ್ರ ಸಿಗುತ್ತೆ, ಯಾವ ಭಂಗಿ ಕೇಳಿದರೂ ಇಲ್ಲ. ನಿಮ್ಮೂರಿನ ಮನೆಯ ಜಿಂಕೆ ಕಿವಿಯ ಕೆಳಗೇ ಮುಗಿದುಹೋಗಿದ್ದರೆ, ಯಾರೋ ಕತ್ತಲಾಗೋದರೊಳಗೆ ಕೆಲಸ ಮುಗಿಸೋಕೆ ನೋಡಿದ್ದಾರೆ ಅಂತ ಊಹಿಸಬಹುದು.

ಇಲ್ಲಿ ನನಗೆ ಹೊಳೆಯೋ ಮಾತು ಇದು. ಹುಲಿಯ ಗರ್ಜನೆ ಹೊಡೆದವನ ಧೈರ್ಯ ಹೇಳೋಕೆ. ಜಿಂಕೆಯಿಂದ ಧೈರ್ಯದ ಕತೆ ಹೇಳಿಸೋಕೆ ಆಗಲ್ಲ, ಅದು ಯಾರನ್ನೂ ತಿನ್ನಲ್ಲ. ಹಾಗಾಗಿ ಅದಕ್ಕೆ ಗಾಂಭೀರ್ಯ ಕೊಟ್ಟರು. ಆದರೆ ಕಾಡಿನಲ್ಲಿ ಜಿಂಕೆ ಯಾವಾಗ ಹಾಗೆ ನಿಲ್ಲುತ್ತೆ? ಮೇಯೋದು ಬಿಟ್ಟು, ಕತ್ತೆತ್ತಿ, ಎರಡೂ ಕಿವಿ ಮುಂದೆ ಮಾಡಿ? ಅಪಾಯದ ಸುಳಿವು ಸಿಕ್ಕಾಗ. ಕಡವೆಯಾದರೆ ಮುಂಗಾಲು ನೆಲಕ್ಕೆ ಬಡಿಯುತ್ತೆ, ಆಮೇಲೆ ಕಾಡೆಲ್ಲ ಕೇಳೋ ಹಾಗೆ ಒಂದು ಕೂಗು. ಅಂದರೆ ಗೋಡೆಯ ಮೇಲಿರೋದು ಜಿಂಕೆ ಮನುಷ್ಯನನ್ನು ಕಂಡ ಆ ಒಂದು ಕ್ಷಣ. ಗುಂಡು ಹಾರೋ ಮುಂಚಿನ ಕ್ಷಣ. ನಮ್ಮ ಜಗಲಿಯಲ್ಲಿ ಅರವತ್ತು ಎಪ್ಪತ್ತು ವರ್ಷದಿಂದ ಅದೇ ಕ್ಷಣ ನೇತಾಡ್ತಾ ಇದೆ. ನಾವು ಅದರ ಕೆಳಗೆ ಕೂತು ಕಾಫಿ ಕುಡಿದಿದ್ದೇವೆ.

ಕಾಲಾ ಘೋಡಾದ ಪಕ್ಕದಲ್ಲಿ ಇನ್ನೊಂದು ಉತ್ತರ

ಚರ್ಚ್‌ಗೇಟಿನಲ್ಲಿ ಇಳಿದು ಹದಿನೈದು ನಿಮಿಷ ನಡೆದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಹಳೇ ಹೆಸರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಜಾರ್ಜ್ ವಿಟೆಟ್ ಕಟ್ಟಿದ ಈ ಕಟ್ಟಡ ಮ್ಯೂಸಿಯಂ ಆಗಿ ತೆರೆದದ್ದು 1922ರ ಜನವರಿಯಲ್ಲಿ. ಅದರ ನಿಸರ್ಗ ಇತಿಹಾಸ ವಿಭಾಗವನ್ನು ಕಟ್ಟಿದವರು ಬಿ.ಎನ್.ಎಚ್.ಎಸ್.ನವರು, ತಮ್ಮದೇ ಸಂಗ್ರಹದ ಬಲದಿಂದ. ಅದರ ಹಿಂದಿನ ಮುಖ್ಯ ಮನುಷ್ಯ ಸ್ಟ್ಯಾನ್ಲಿ ಹೆನ್ರಿ ಪ್ರೇಟರ್. 1923ರಿಂದ 1947ರವರೆಗೆ ಸೊಸೈಟಿಗೂ ಮ್ಯೂಸಿಯಂಗೂ ಕ್ಯುರೇಟರ್. ಭಾರತದ ಪ್ರಾಣಿಗಳ ಬಗ್ಗೆ 1948ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕ ಇವತ್ತಿಗೂ ಕಾಡು ಸುತ್ತೋರ ಕೈಯಲ್ಲಿರುತ್ತೆ. ಆಂಗ್ಲೋ ಇಂಡಿಯನ್ನರ ಪ್ರತಿನಿಧಿಯಾಗಿ ಸಂವಿಧಾನ ರಚನಾ ಸಭೆಯಲ್ಲೂ ಕೂತಿದ್ದರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಪ್ರೇಟರ್ ವಿದೇಶದ ಮ್ಯೂಸಿಯಂಗಳನ್ನು ನೋಡಿ ಬಂದವರು. ಅಲ್ಲಿ ಆಗ ಡಯೋರಾಮಾದ ಕಾಲ. ಗಾಜಿನ ಹಿಂದೆ ಬಣ್ಣ ಬಳಿದ ಹಿನ್ನೆಲೆ, ಮುಂದೆ ಗಿಡ, ಕಲ್ಲು, ಮಣ್ಣು, ನಡುವೆ ಇಡೀ ಪ್ರಾಣಿ. ಮುಂಬೈನ ಈ ವಿಭಾಗದಲ್ಲೂ ರಾಜಹಂಸ, ಮಂಗಟ್ಟೆ, ಕಾಡುಕೋಣ, ಹುಲಿ ಹೀಗೇ ನಿಂತಿವೆ.

ನಾನು ಅಲ್ಲಿಗೆ ಹೋದಾಗಲೆಲ್ಲ ಮಾಡೋ ಒಂದು ಸಣ್ಣ ಪರೀಕ್ಷೆ ಇದೆ. ಮೊದಲು ಪ್ರಾಣಿಯ ಕಿವಿ ನೋಡ್ತೀನಿ, ಆಮೇಲೆ ಕಣ್ಣು ಎತ್ತ ಕಡೆ ಅಂತ. ಟ್ರೋಫಿ ಯಾವಾಗಲೂ ನೋಡುಗನನ್ನು ನೋಡುತ್ತೆ. ಒಳ್ಳೇ ಡಯೋರಾಮಾದ ಪ್ರಾಣಿಗೆ ಅದರದೇ ಕೆಲಸ ಇರುತ್ತೆ. ನಾವು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಅದು ಮೇಯುತ್ತೆ, ಮರಿ ಕಡೆ ತಿರುಗುತ್ತೆ, ನೀರಿಗೆ ಬಾಗುತ್ತೆ. ಅದು ಸಾಧ್ಯ ಆಗೋಕೆ ನಾಲ್ಕು ಕಾಲು ಬೇಕು, ನೆಲ ಬೇಕು, ಜೊತೆಗಾರರು ಬೇಕು. ಕಾಲು ಕತ್ತರಿಸಿದ ಜಿಂಕೆಗೆ ಮಾಡೋಕೆ ಬೇರೇನು ಉಳಿದಿದೆ? ಮುಖ ತೋರಿಸೋದು ಮಾತ್ರ. ಶೋಲ್ಡರ್ ಮೌಂಟ್ ಅನ್ನೋ ಆಕಾರವೇ ಅರ್ಧ ಭಂಗಿಯನ್ನು ತೀರ್ಮಾನ ಮಾಡಿಬಿಡುತ್ತೆ.

ಹಾಗಂತ ಡಯೋರಾಮಾ ಪೂರ್ತಿ ಮುಗ್ಧ ಅಂತ ನಾನು ಹೇಳಲ್ಲ. ಅಲ್ಲಿರೋ ಪ್ರಾಣಿಗಳನ್ನೂ ಆ ಕಾಲದಲ್ಲಿ ಬಹುಮಟ್ಟಿಗೆ ಹೊಡೆದೇ ತಂದದ್ದು. ಗುಂಡು ಅದೇ. ಆರಿಸಿದ ಕ್ಷಣ ಮಾತ್ರ ಬೇರೆ. ಆ ಕ್ಷಣದಿಂದಲೇ ಎಷ್ಟೋ ತಲೆಮಾರಿನ ಮುಂಬೈ ಮಕ್ಕಳು, ಕಾಡು ಅಂದರೆ ಪ್ರಾಣಿ ತನ್ನಷ್ಟಕ್ಕೆ ಬದುಕೋ ಜಾಗ ಅಂತ ಕಲಿತರು.

ಭಂಗಿಯೇ ಇಲ್ಲದ ಪ್ರಾಣಿಗಳು

ಅದೇ ಆವರಣದ ಪಕ್ಕದಲ್ಲಿ, ಹಾರ್ನ್‌ಬಿಲ್ ಹೌಸಿನಲ್ಲಿ, ಮೂರನೇ ಥರದ ಪ್ರಾಣಿಗಳಿವೆ. ಮರದ ಡ್ರಾಯರುಗಳಲ್ಲಿ ಸಾಲಾಗಿ ಮಲಗಿರೋ ಅಧ್ಯಯನದ ಮಾದರಿಗಳು. ಕಣ್ಣಿನ ಜಾಗದಲ್ಲಿ ಹತ್ತಿ. ಕಾಲಿಗೆ ಚೀಟಿ: ಎಲ್ಲಿ, ಯಾವತ್ತು, ಯಾರು, ಗಂಡೋ ಹೆಣ್ಣೋ. ಭಂಗಿ ಅಂತ ಏನೂ ಇಲ್ಲ. ಒಂದರ ಪಕ್ಕ ಒಂದು ಇಟ್ಟು ಹೋಲಿಸೋಕೆ ಆಗಬೇಕು, ಅಷ್ಟೇ.

1911ರಿಂದ ಸುಮಾರು 12 ವರ್ಷ ಸೊಸೈಟಿ ಭಾರತದ ಸಸ್ತನಿಗಳ ದೊಡ್ಡ ಸರ್ವೆ ನಡೆಸಿತು. ಸುಮಾರು 50,000 ಮಾದರಿಗಳು ಸೇರಿದವು. ಸರ್ವೆಯ ಸಂಗ್ರಾಹಕರು ಓಡಾಡಿದ ಜಾಗಗಳಲ್ಲಿ ನಮ್ಮ ಧಾರವಾಡ, ಕೆನರಾ, ಕೊಡಗು, ಮೈಸೂರು ಎಲ್ಲ ಇವೆ. ನೂರು ವರ್ಷದ ಹಿಂದೆ ಯಾವ ಊರಿನ ಸುತ್ತ ಯಾವ ಪ್ರಾಣಿ ಇತ್ತು ಅಂತ ಇವತ್ತು ಹೇಳೋಕೆ ಆಗೋದು ಆ ಚೀಟಿಗಳಿಂದ.

1908ರಲ್ಲಿ ಒಬ್ಬ ಹುಡುಗ ತಾನು ಹೊಡೆದ, ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯೊಂದನ್ನು ಹಿಡಿದುಕೊಂಡು ಸೊಸೈಟಿಗೆ ಬಂದ. ಕಾರ್ಯದರ್ಶಿ ಮಿಲ್ಲರ್ಡ್ ಹಕ್ಕಿ ಯಾವುದು ಅಂತ ಹೇಳಿದ್ದಲ್ಲದೆ, ಡ್ರಾಯರ್ ಎಳೆದೆಳೆದು ಸಂಗ್ರಹವನ್ನೂ ತೋರಿಸಿದರು. ಆ ಹುಡುಗ ಸಲೀಂ ಅಲಿ. ಹತ್ತಿ ಕಣ್ಣಿನ ಹಕ್ಕಿಗಳು ಒಬ್ಬ ಬೇಟೆ ಆಸೆಯ ಹುಡುಗನನ್ನು ದೇಶದ ದೊಡ್ಡ ಪಕ್ಷಿಶಾಸ್ತ್ರಜ್ಞನ ದಾರಿಗೆ ಹಚ್ಚಿದವು. ಭಂಗಿ ಇಲ್ಲದೆಯೂ ಸತ್ತ ಪ್ರಾಣಿ ಮಾತಾಡಬಲ್ಲದು, ಅದರ ಜೊತೆ ಚೀಟಿ ಇದ್ದರೆ. ಈ ಚೀಟಿಯ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

1972ರ ನಂತರ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಶಿಕಾರಿಯ ಕಾಲಕ್ಕೆ ಅದು ಮಂಗಳ ಹಾಡಿತು. ಲೈಸೆನ್ಸ್ ಇಲ್ಲದೆ ಟ್ಯಾಕ್ಸಿಡರ್ಮಿ ವ್ಯಾಪಾರ ಮಾಡೋ ಹಾಗೂ ಇಲ್ಲ ಅಂತ ಆಯಿತು. ಮುಂದಿನ ತಿದ್ದುಪಡಿಗಳು ಇನ್ನಷ್ಟು ಬಿಗಿ ಮಾಡಿದವು. ನಜರ್‌ಬಾದಿನ ಅಚ್ಚುಗಳಿಗೆ ಹೊಸ ತೊಗಲು ಬರೋದು ಕಡಿಮೆಯಾಗುತ್ತಾ ಬಂತು, 1999ರಲ್ಲಿ ಸಂಸ್ಥೆ ಮುಚ್ಚಿತು. ಸೋದರರಲ್ಲಿ ಕೊನೆಯವರಾದ ಜುಬೇರ್ ವ್ಯಾನ್ ಇಂಗನ್ ನೂರು ದಾಟಿ ಬದುಕಿ 2013ರಲ್ಲಿ ತೀರಿಕೊಂಡರು.

ಕಲೆ ಮಾತ್ರ ಸಾಯಲಿಲ್ಲ, ಅದರ ಕಾರಣ ಬದಲಾಯಿತು. ಅದನ್ನು ನೋಡೋಕೆ ಬೋರಿವಲಿಗೆ ಬರಬೇಕು. ಪರೇಲಿನ ಮುಂಬೈ ಪಶುವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸೋ ಡಾ. ಸಂತೋಷ್ ಗಾಯಕ್‌ವಾಡ್ 2003ರಲ್ಲಿ ಆ ಕಾಲಾ ಘೋಡಾದ ಮ್ಯೂಸಿಯಂ ನೋಡೋಕೆ ಹೋಗಿ, ಪ್ರೇಟರ್ ಕಾಲದ ಪ್ರಾಣಿಗಳ ಮುಂದೆ ನಿಂತು ಇದನ್ನು ಕಲೀಬೇಕು ಅಂತ ಹಟ ಹಿಡಿದರು. ಹಕ್ಕಿ, ಮೀನುಗಳಿಂದ ಶುರುಮಾಡಿ ದೊಡ್ಡ ಬೆಕ್ಕುಗಳವರೆಗೆ ಬಂದರು. 2009ರಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಟ್ಯಾಕ್ಸಿಡರ್ಮಿ ಕೇಂದ್ರ ಶುರುವಾಯಿತು. ಅಲ್ಲಿಗೆ ಬರೋದು ಮೃಗಾಲಯ, ಉದ್ಯಾನಗಳಲ್ಲಿ ಸಹಜವಾಗಿ ಸತ್ತ ಪ್ರಾಣಿಗಳು, ಅದೂ ಅರಣ್ಯ ಇಲಾಖೆಯ ಅನುಮತಿಯ ಮೇಲೆ. ಮುಂಬೈನ ಸೆಕೆಯಲ್ಲಿ ದೇಹ ಬೇಗ ಕೆಡುತ್ತೆ, ಹಾಗಾಗಿ ಸುದ್ದಿ ಬಂದ ಕೂಡಲೇ ಕೆಲಸಕ್ಕಿಳಿಯಬೇಕು.

ಇಲ್ಲಿ ಭಂಗಿಯ ಪ್ರಶ್ನೆ ಹೊಸದಾಗಿ ಏಳುತ್ತೆ. ಬೋನಿನಲ್ಲಿ ಹುಟ್ಟಿ ಬೋನಿನಲ್ಲೇ ಮುದಿಯಾದ ಹುಲಿಗೆ ಬಾಯ್ತೆರೆದ ಗರ್ಜನೆ ಕೊಟ್ಟರೆ ಅದು ಯಾರ ಕತೆ? ಹೊಡೆದವರು ಯಾರೂ ಇಲ್ಲ, ಹೇಳಿಕೊಳ್ಳೋಕೆ ಶೌರ್ಯವೂ ಇಲ್ಲ. ಇಂಥ ಪ್ರಾಣಿಗೆ ಸುಮ್ಮನೆ ನಡೆಯೋದು, ನಿಲ್ಲೋದು, ಕೂರೋದು ಸಾಕು, ಆ ಜಾತಿಯ ಮೈ ಹೇಗಿರುತ್ತೆ ಅಂತ ಮಗುವಿಗೆ ಗೊತ್ತಾದರೆ ಸಾಕು ಅಂತ ನನಗನಿಸುತ್ತೆ.

ಅದೇ ಉದ್ಯಾನದಲ್ಲಿ, ಸುಮಾರು 103 ಚದರ ಕಿಲೋಮೀಟರ್ ಕಾಡಿನಲ್ಲಿ, ಚುಕ್ಕೆ ಜಿಂಕೆ, ಕಡವೆ ಇವತ್ತೂ ಓಡಾಡ್ತಿವೆ, ಚಿರತೆಗಳೂ ಇವೆ. ಭಾನುವಾರ ಬೆಳಿಗ್ಗೆ ಕಾನ್ಹೇರಿ ಗುಹೆಗಳ ಕಡೆ ನಡೆಯುವಾಗ ಜಿಂಕೆ ಕಂಡರೆ ಅದರ ಕಿವಿ ಗಮನಿಸಿ. ನಿಮ್ಮನ್ನು ಕಾಣೋ ಮೊದಲು ಒಂದು ಭಂಗಿ, ಕಂಡ ಮೇಲೆ ಇನ್ನೊಂದು. ಎರಡರ ನಡುವೆ ಒಂದು ಸೆಕೆಂಡು.

ಹಾಗಾದರೆ ಊರಿನ ಮನೆಯ ಜಿಂಕೆ?

ಈಗ ಮೊದಲು ಹೇಳಿದ ಕಾನೂನಿನ ಮಾತು. 2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಮನೆಯಿಂದಲೇ ಒಬ್ಬ ಸ್ಪರ್ಧಿಯನ್ನು ಹುಲಿಯುಗುರಿನ ಪೆಂಡೆಂಟ್ ವಿಷಯದಲ್ಲಿ ಅರಣ್ಯ ಇಲಾಖೆ ಕರೆದೊಯ್ದದ್ದು ನೆನಪಿರಬೇಕು. ಆಮೇಲೆ ಎಷ್ಟೋ ಮನೆಗಳಲ್ಲಿ ಅಟ್ಟ ಹುಡುಕಾಟ ನಡೀತು. ಜಿಂಕೆ ತಲೆಗೂ, ಕೊಂಬಿಗೂ ಕಾಯ್ದೆ ಅನ್ವಯ ಆಗುತ್ತೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನೂ ಎತ್ತಿಕೊಂಡು ಬರೋ ಹಾಗಿಲ್ಲ.

ಹಳೇ ಟ್ರೋಫಿಗೆ ಮಾಲೀಕತ್ವದ ಪ್ರಮಾಣಪತ್ರ ಇರಬೇಕು. ಅಜ್ಜನ ಹೆಸರಿನಲ್ಲಿ ಅದು ಇದೆಯಾ ಅಂತ ಮೊದಲು ಹುಡುಕಿ. ಪಿತ್ರಾರ್ಜಿತವಾಗಿ ನಿಮಗೆ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು ಅಂತ 2003ರ ಜಾರಿಯ ತಿದ್ದುಪಡಿ ಹೇಳುತ್ತೆ. ಮಾರೋ ಹಾಗಿಲ್ಲ, ಆನ್‌ಲೈನಿನಲ್ಲಿ ಆಂಟಿಕ್ ಅಂತ ಹಾಕೋದಂತೂ ಬೇಡವೇ ಬೇಡ. ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಸಾಗಿಸಿದರೆ 30 ದಿನದೊಳಗೆ ವರದಿ ಮಾಡಬೇಕು. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಪುಣೆ ಹೈವೇ ಹಿಡಿಯೋ ಮೊದಲು ಊರಿನ ಅರಣ್ಯ ಕಚೇರಿಗೆ ಹೋಗಿ ಮಾತಾಡಿ. ಕಾಗದ ಸಿಗದಿದ್ದರೂ ಅಲ್ಲಿಗೇ ಹೋಗಿ, ಜೊತೆಗೆ ಒಬ್ಬ ವಕೀಲರನ್ನೂ ಕೇಳಿ.

ಆರೋಗ್ಯದ ಮಾತೂ ಒಂದಿದೆ. ಹಳೇ ಕಾಲದಲ್ಲಿ ಹುಳ ಹಿಡಿಯದಿರಲಿ ಅಂತ ತೊಗಲಿಗೆ ಆರ್ಸೆನಿಕ್ ಬೆರೆಸಿದ ಸೋಪು ಹಚ್ಚುತ್ತಿದ್ದರು, ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಕಂಡುಹಿಡಿದದ್ದು ಅದು. ಆ ವಿಷ ಅಲ್ಲೇ ಉಳಿದಿರುತ್ತೆ. ಬರಿಗೈಯಲ್ಲಿ ಧೂಳು ಒರೆಸಬೇಡಿ, ಮಕ್ಕಳಿಗೆ ಮುಟ್ಟೋಕೆ ಬಿಡಬೇಡಿ, ಬಡಿದು ಕೊಡವಬೇಡಿ. ಮುಂಬೈ ಫ್ಲ್ಯಾಟಿನ ಮಳೆಗಾಲದ ತೇವಕ್ಕೆ ತೊಗಲು ಬೂಸ್ಟು ಹಿಡಿಯುತ್ತೆ, ಹೊಲಿಗೆ ಬಿಡುತ್ತೆ. ಅಲ್ಲಿಗೆ ತರೋದರಲ್ಲಿ ಅರ್ಥ ಇಲ್ಲ ಅಂತ ನನ್ನ ಅಭಿಪ್ರಾಯ.

ಆದರೆ ಮಾಡಲೇಬೇಕಾದ ಒಂದು ಕೆಲಸ ಇದೆ. ಡ್ರಾಯರಿನ ಹಕ್ಕಿಗಳ ಚೀಟಿ ನೆನಪಿದೆಯಲ್ಲ? ನಿಮ್ಮ ಜಿಂಕೆಗೂ ಒಂದು ಚೀಟಿ ಬರೆಯಿರಿ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ಕೇಳಿ: ಯಾವ ಕಾಡು, ಯಾವ ವರ್ಷ, ಯಾರು ಹೊಡೆದದ್ದು, ಆಗ ಆ ಕಾಡಿನಲ್ಲಿ ಎಷ್ಟು ಜಿಂಕೆ ಕಾಣುತ್ತಿದ್ದವು, ಈಗ ಎಷ್ಟು. ಚುಕ್ಕೆ ಜಿಂಕೆಯೋ, ಕಡವೆಯೋ ನೋಡಿ. ಕೊಂಬು ಕವಲೊಡೆಯದೆ ಸುರುಳಿ ಸುತ್ತಿದ್ದರೆ ಅದು ಕೃಷ್ಣಮೃಗ, ಹುಲ್ಲೆಯ ಜಾತಿ, ಜಿಂಕೆಯೇ ಅಲ್ಲ. ಫಲಕದ ಮೇಲೆ ಸಂಸ್ಥೆಯ ಹೆಸರು, ಸಂಖ್ಯೆ ಏನಾದರೂ ಇದ್ದರೆ ಫೋಟೋ ತೆಗೆದಿಡಿ. ಇಷ್ಟು ಬರೆದಿಟ್ಟರೆ ಅದು ನಾಳೆ ಇಲಾಖೆಗೆ ಹೋದರೂ, ಮನೆಯಲ್ಲೇ ಉಳಿದರೂ, ಒಂದು ದಾಖಲೆ. ಇಲ್ಲದಿದ್ದರೆ ಹೆಸರಿಲ್ಲದ ಒಂದು ತೊಗಲು.

ಅಜ್ಜನನ್ನು ಇವತ್ತಿನ ಕಾನೂನಿನ ಕಟಕಟೆಯಲ್ಲಿ ನಿಲ್ಲಿಸಿ ಬೈಯೋದು ಸುಲಭ. ತೇಜಸ್ವಿ ಅವರು ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ ಕತೆಗಳನ್ನು ರಾತ್ರಿಯೆಲ್ಲ ಓದಿ ಬೆಳೆದವರು ನಾವೇ. ಬೈಯೋದಕ್ಕಿಂತ ಓದೋದು ಮೇಲು. ಆ ಜಿಂಕೆ ಕತ್ತೆತ್ತಿ ನಿಂತಿರೋದು ನಮ್ಮ ಮನೆಯ ಘನತೆಗೆ ಅಂತ ಇಷ್ಟು ದಿನ ಅಂದುಕೊಂಡಿದ್ದೆವು. ಈಗ ಗೊತ್ತಾಯಿತಲ್ಲ, ಅದು ಏನನ್ನೋ ಕೇಳಿಸಿಕೊಂಡು ನಿಂತಿದೆ. ಅದು ಕೇಳಿಸಿಕೊಂಡದ್ದು ನಮ್ಮ ಹೆಜ್ಜೆ ಸಪ್ಪಳ.

ನಿಮ್ಮ ಮನೆಯ ಜಿಂಕೆ ಯಾವ ಕಡೆ ತಿರುಗಿದೆ, ಕಿವಿ ಹೇಗಿದೆ, ಅದರ ಕತೆ ಏನು ಅಂತ ಮನೆಯವರ ಹತ್ತಿರ ಕೇಳಿ ಬರೆದಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.